ನಂದೀಶನ ಬೆಳಕಿನ ಲೆಕ್ಕ

ಬೆಳಿಗ್ಗೆ ಏಳೂವರೆಗೆ ಚಿನ್ನಸ್ವಾಮಿಯವರನ್ನು ಆಟೊಗೆ ಹತ್ತಿಸಿ ಆಸ್ಪತ್ರೆಗೆ ಕಳಿಸಿದ ಮೇಲೆ ನಂದೀಶ ಕ್ಯಾಮೆರಾದ ಪಕ್ಕ ಒಬ್ಬನೇ ಆದ. ಚಿನ್ನಸ್ವಾಮಿ ಆ ಸಿನಿಮಾದ ಛಾಯಾಗ್ರಾಹಕರು. ಎದ್ದಾಗಿನಿಂದ ಸೊಂಟ ಹಿಡಿದುಕೊಂಡು ಒದ್ದಾಡುತ್ತಿದ್ದರು. ಕಿಡ್ನಿಯಲ್ಲಿ ಕಲ್ಲು, ಹಳೆಯ ಕಾಯಿಲೆ. ಆಟೊ ಹೊರಡುವಾಗ ತಲೆ ಹೊರಹಾಕಿ ಹೇಳಿದರು:

"ಸಂಜೆ ಗೋಡೆ ಬೀಳೋದನ್ನ ನೀನೇ ಹಿಡೀಬೇಕು ಕಣೋ. ಒಂದೇ ಟೇಕು. ಬೆಳಕು ತಪ್ಪಿದ್ರೆ ಮತ್ತೆ ಕಟ್ಟಿ ಕೆಡವಕ್ಕಾಗಲ್ಲ."

"ಆಯ್ತು ಸಾರ್, ನೀವು ಹುಷಾರು," ಎಂದ ನಂದೀಶ. ಆಟೊ ತಿರುವು ದಾಟುವವರೆಗೂ ಧೈರ್ಯವಾಗಿ ನಿಂತಿದ್ದು, ಆಮೇಲೆ ಕ್ಯಾಮೆರಾ ಪೆಟ್ಟಿಗೆಯ ಮೇಲೆ ಕೂತುಬಿಟ್ಟ. ಆರು ವರ್ಷದಿಂದ ಅವನು ಅವರ ಸಹಾಯಕ. ಆರು ವರ್ಷದಿಂದ ಒಂದು ವಿಷಯವನ್ನು ಅವರಿಂದ ಮುಚ್ಚಿಟ್ಟುಕೊಂಡು ಬಂದಿದ್ದ. ಅವರು ಪಕ್ಕದಲ್ಲಿ ಇರುವವರೆಗೆ ಅದನ್ನು ಮುಚ್ಚಿಡುವುದು ಕಷ್ಟವಾಗಿರಲಿಲ್ಲ.

ನಂದೀಶನಿಗೆ ಹಸಿರು, ಗುಲಾಬಿ, ಬೂದು ಮೂರೂ ಹೆಚ್ಚುಕಡಿಮೆ ಒಂದೇ ಆಗಿ ಕಾಣುತ್ತಿದ್ದವು. ಕಣ್ಣಿನ ಒಳಪರದೆಯಲ್ಲಿ ಬಣ್ಣ ಹಿಡಿಯುವ ಕೋಶಗಳು ಮೂರು ಬಗೆಯವು. ಅವುಗಳಲ್ಲಿ ಹಸಿರಿನ ಭಾಗದ್ದು ಅವನಿಗೆ ಹುಟ್ಟಿನಿಂದಲೇ ಕೆಲಸ ಮಾಡುತ್ತಿರಲಿಲ್ಲ. ಇದು ಸಾಮಾನ್ಯವಾಗಿ ಅಜ್ಜನಿಂದ ಮಗಳ ಮೂಲಕ ಮೊಮ್ಮಗನಿಗೆ ಬರುತ್ತದೆ. ನಡುವಿನ ಮಗಳಿಗೆ ಏನೂ ಆಗಿರುವುದಿಲ್ಲ. ಅವನ ತಾಯಿ ಮುನಿಗಂಗಮ್ಮ ಘಾಟಿ ಕಡೆಯ ತಮ್ಮ ಹೊಲದಲ್ಲಿ ಟೊಮೆಟೊ ಕೀಳಲು ಮಗನನ್ನು ಕಳಿಸಿದಾಗಲೆಲ್ಲ ಮಕ್ಕರಿ ತುಂಬ ದೋರೆ, ಕಾಯಿ, ಹಣ್ಣು ಎಲ್ಲ ಬೆರೆಸಿಕೊಂಡು ಬರುತ್ತಿದ್ದ. "ನಮ್ಮಪ್ಪನೂ ಹಿಂಗೇ ಕಾಯಿ ಕಿತ್ಕಂಡು ಬರೋನು, ಅವ್ನ್ ಕೈಯೇ ಬಂದದೆ ನಿಂಗೆ," ಎಂದು ಅವಳು ಬಯ್ಯುತ್ತಿದ್ದಳು. ಆಗ ಅದು ಕೈಯ ದೋಷವೆಂದೇ ಮನೆಯವರ ಲೆಕ್ಕ. ನಂದೀಶ ಹಣ್ಣನ್ನು ಹಿಚುಕಿ ನೋಡಿ ಕೀಳುವುದನ್ನು ಕಲಿತ.

ಹದಿನೇಳನೇ ವಯಸ್ಸಿಗೆ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಕೆಲಸಕ್ಕೆ ಸೇರಿದ. ಮೂರನೇ ತಿಂಗಳಲ್ಲಿ ಲಾಳಿಯೊಳಗಿನ ನೂಲು ಸುತ್ತಿದ ಕಂಡಿಕೆ ಬದಲಾಯಿಸುವಾಗ ಹಸಿರು ನೂಲಿನ ಜಾಗಕ್ಕೆ ಇಟ್ಟಿಗೆ ಬಣ್ಣದ ನೂಲು ಹಾಕಿದ. ಸೀರೆಯ ಅರ್ಧ ಮೈ ಒಂದು ಬಣ್ಣ, ಅರ್ಧ ಮೈ ಇನ್ನೊಂದು. ಮಾಲೀಕ ಬಂದು ನೋಡುವವರೆಗೂ ನೇಯುತ್ತಲೇ ಇದ್ದ. ಅವನ ಕಣ್ಣಿಗೆ ಅದು ಒಂದೇ ಸೀರೆ. ಮಾಲೀಕ ಹೊಡೆಯಲಿಲ್ಲ. ಸೀರೆಯನ್ನು ಅವನ ಎದುರು ಬಿಚ್ಚಿ ಹಿಡಿದು, "ಇದ್ಯಾಕಪ್ಪಾ ಹಿಂಗೆ ಮಾಡ್ದೆ, ನಾನೇನ್ ಮಾಡಿದ್ದೆ ನಿಂಗೆ?" ಎಂದು ಕೇಳಿದ. ಬೇಕೆಂದೇ ಕೆಡಿಸಿದ್ದಾನೆ ಎಂದುಕೊಂಡಿದ್ದ ಆ ಮನುಷ್ಯ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಾಲ್ಕು ವರ್ಷದ ಮೇಲೆ, ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ವರ್ಷ. ನಿಲ್ದಾಣದೊಳಗೆ ಗಾಡಿ ಓಡಿಸುವ ಕೆಲಸಕ್ಕೆ ಅರ್ಜಿ ಹಾಕಿದ್ದ. ವೈದ್ಯಕೀಯ ಪರೀಕ್ಷೆಯಲ್ಲಿ ಡಾಕ್ಟರು ಚುಕ್ಕೆಗಳಿಂದ ತುಂಬಿದ ಒಂದು ಪುಸ್ತಕ ತೆರೆದು ಯಾವ ಅಂಕಿ ಎಂದು ಕೇಳಿದರು. ಮೊದಲ ಪುಟದಲ್ಲಿ ಹನ್ನೆರಡು ಇತ್ತು. ಅದು ಎಲ್ಲರಿಗೂ ಕಾಣುವಂತೆಯೇ ಮಾಡಿರುವ ಪುಟ. ಎರಡನೆಯದರಿಂದ ಮುಂದಕ್ಕೆ ಅವನಿಗೆ ಬರೀ ಚುಕ್ಕೆ. ಮನೆಗೆ ಬಂದು, ಎತ್ತರ ಸಾಲಲಿಲ್ಲವಂತೆ ಎಂದ.

"ಡ್ರೈವರ್‌ಗೆ ಎತ್ತರ ಯಾಕ್ಲಾ? ನಿಂತ್ಕಂಡ್ ಓಡಿಸ್ತಾರಾ?" ಎಂದಳು ಮುನಿಗಂಗಮ್ಮ.

ಅದಾದ ಮೇಲೆ ದೇವನಹಳ್ಳಿಯ ವೆಂಕಟರಾಮಪ್ಪನವರ ಸ್ಟುಡಿಯೊ ಸೇರಿ ಮದುವೆ ವಿಡಿಯೊ ಹಿಡಿಯತೊಡಗಿದ. ಅಲ್ಲಿ ಒಂದು ವಿಚಿತ್ರ ಬೆಳಕಿಗೆ ಬಂತು. ಬಣ್ಣ ಬಾರದವನಿಗೆ ಬೆಳಕಿನ ಏರಿಳಿತ ಮಾತ್ರ ಬೇರೆಯವರಿಗಿಂತ ಚೆನ್ನಾಗಿ ತಿಳಿಯುತ್ತಿತ್ತು. ಒಂದು ಗೋಡೆಗೂ ಪಕ್ಕದ ಗೋಡೆಗೂ, ಹಣೆಗೂ ಕೆನ್ನೆಗೂ ಎಷ್ಟು ಹೆಚ್ಚುಕಡಿಮೆ ಎಂದು ಅವನು ಬರಿಗಣ್ಣಿನಲ್ಲಿ ಹೇಳುತ್ತಿದ್ದ. ಮುಖ ಇರುವ ಜಾಗದಲ್ಲಿ ತನ್ನ ಅಂಗೈ ಹಿಡಿದು ಎರಡು ಕ್ಷಣ ನೋಡಿ ಕ್ಯಾಮೆರಾದ ಕಣ್ಣು ಎಷ್ಟು ತೆರೆಯಬೇಕೆಂದು ನಿರ್ಧರಿಸುತ್ತಿದ್ದ. ಜರಿ ಸೀರೆ ಉಟ್ಟ ಮದುಮಗಳು ವಿಡಿಯೊ ಲೈಟಿನಲ್ಲಿ ಬೆಂದು ಹೋಗದಂತೆ, ಕಪ್ಪು ಮೈಬಣ್ಣದ ಮಾವ ಕತ್ತಲಲ್ಲಿ ಕರಗದಂತೆ ಹಿಡಿಯುವವನು ಎಂದು ಆ ಸುತ್ತಿನಲ್ಲಿ ಹೆಸರಾಯಿತು. ಆ ಹೆಸರು ಕೇಳಿಯೇ ಚಿನ್ನಸ್ವಾಮಿ ಅವನನ್ನು ಸಿನಿಮಾಕ್ಕೆ ಕರೆದುಕೊಂಡಿದ್ದು.

ಡಿಜಿಟಲ್ ಸಿನಿಮಾ ಕ್ಯಾಮೆರಾದಲ್ಲಿ ಬೆಳಕು ಅಳೆಯಲು ಮುಖ್ಯವಾಗಿ ಎರಡು ದಾರಿ. ಒಂದು ವೇವ್‌ಫಾರ್ಮ್. ಅದು ಚಿತ್ರದ ಪ್ರತಿ ಭಾಗದ ಬೆಳಕನ್ನು ಸೊನ್ನೆಯಿಂದ ನೂರರವರೆಗಿನ ಎತ್ತರದಲ್ಲಿ ಗೆರೆಯಾಗಿ ತೋರಿಸುತ್ತದೆ. ಇದಕ್ಕೆ ಬಣ್ಣದ ಹಂಗಿಲ್ಲ. ನಂದೀಶನಿಗೆ ಅನ್ನ ನೀರು ಎಲ್ಲ ಇದೇ. ಇನ್ನೊಂದು ಫಾಲ್ಸ್ ಕಲರ್. ಅದನ್ನು ಒತ್ತಿದರೆ ಇಡೀ ಚಿತ್ರ ಕಪ್ಪುಬಿಳುಪಾಗಿ, ಕೆಲವು ಮಟ್ಟಗಳು ಮಾತ್ರ ಬಣ್ಣ ಬಳಿದುಕೊಳ್ಳುತ್ತವೆ. ತೀರ ಕತ್ತಲಿಗೆ ನೇರಳೆ, ನಲವತ್ತರ ಆಸುಪಾಸಿನ ನಡುಬೂದಿಗೆ ಹಸಿರು, ಅದಕ್ಕಿಂತ ಒಂದು ಸ್ಟಾಪ್ ಮೇಲೆ, ಅಂದರೆ ಬೆಳಕು ಎರಡರಷ್ಟಾದಲ್ಲಿ ಗುಲಾಬಿ, ಸುಡುವ ಅಂಚಿಗೆ ಬಂದಲ್ಲಿ ಹಳದಿ, ಸುಟ್ಟು ಬಿಳಿಯಾದ ಕಡೆ ಕೆಂಪು. ಮುಖ ಗುಲಾಬಿಯಾದರೆ ಸರಿ ಎಂದು ಕಲಿಸುತ್ತಾರೆ. ಬೇರೆಯವರಿಗೆ ಇಷ್ಟು ಸುಲಭದ ಸಾಧನ ಇನ್ನೊಂದಿಲ್ಲ. ನಂದೀಶನಿಗೆ ಅದು ಡಾಕ್ಟರರ ಚುಕ್ಕೆ ಪುಸ್ತಕದ ಎರಡನೇ ಪುಟ.

ಸಿನಿಮಾದ ನಿರ್ದೇಶಕಿ ಸಂಘಮಿತ್ರ. ನಂದಗುಡಿಯವಳು, ಇಪ್ಪತ್ತೆಂಟು ವರ್ಷ, ಇದೇ ಮೊದಲ ಚಿತ್ರ. ಅವಳ ದೊಡ್ಡ ಮಾನಿಟರಿನಲ್ಲಿ ಸದಾ ಫಾಲ್ಸ್ ಕಲರ್ ಇರುತ್ತಿತ್ತು. ಇಷ್ಟು ದಿನ ಅವಳ ಪ್ರಶ್ನೆಗಳಿಗೆಲ್ಲ ಚಿನ್ನಸ್ವಾಮಿಯೇ ಉತ್ತರಿಸುತ್ತಿದ್ದರು. ಇವತ್ತು ಅವಳು ಕುರ್ಚಿಯನ್ನು ನಂದೀಶನ ಪಕ್ಕಕ್ಕೇ ಎಳೆದುಕೊಂಡು ಬಂದಳು.

ಚಿತ್ರೀಕರಣ ನಡೆಯುತ್ತಿದ್ದುದು ದೊಡ್ಡಬಳ್ಳಾಪುರದ ಅಂಚಿನಲ್ಲಿ, ಲಕ್ಷ್ಮಯ್ಯ ಎಂಬುವರ ಮಗ್ಗದ ಶೆಡ್ಡಿನಲ್ಲಿ. ರಸ್ತೆ ಅಗಲ ಮಾಡಲು ಶೆಡ್ಡಿನ ಪಶ್ಚಿಮದ ಗೋಡೆ ಹೋಗಬೇಕಿತ್ತು. ಸೂರು ಕಬ್ಬಿಣದ ಕಂಬಗಳ ಮೇಲೆ ಕೂತಿದ್ದರಿಂದ ಗೋಡೆ ಒಂದನ್ನೇ ಜೆಸಿಬಿಯಿಂದ ಹೊರಕ್ಕೆ ಎಳೆದು ಬೀಳಿಸಬಹುದಿತ್ತು. ಆ ಬೀಳುವಿಕೆಯನ್ನು ಸಂಘಮಿತ್ರ ತನ್ನ ಕಥೆಯ ಕೊನೆಗೆ ಇಟ್ಟುಕೊಂಡಿದ್ದಳು. ಅರೆಗತ್ತಲ ಶೆಡ್ಡಿನಲ್ಲಿ ಮುನಿತಾಯಮ್ಮ ಮಗ್ಗದ ಮುಂದೆ ನಿಂತು ನೇಯುತ್ತಿರುತ್ತಾಳೆ. ಇಪ್ಪತ್ತಡಿ ಆಚೆಯ ಗೋಡೆ ಬೀಳುತ್ತದೆ. ಸಂಜೆ ಬಿಸಿಲು ಅವಳ ಮುಖಕ್ಕೆ ಬಡಿಯುತ್ತದೆ. ಅವಳು ನೇಯುತ್ತಲೇ ಇರುತ್ತಾಳೆ. ಮುನಿತಾಯಮ್ಮ ನಟಿಯಲ್ಲ. ಆ ಶೆಡ್ಡಿನಲ್ಲೇ ಮೂವತ್ತು ವರ್ಷ ದುಡಿದವಳು.

ಬೆಳಿಗ್ಗೆಯ ಸಣ್ಣ ಸಣ್ಣ ಶಾಟುಗಳನ್ನು ನಂದೀಶ ವೇವ್‌ಫಾರ್ಮ್ ನೋಡಿ ದಾಟಿಸಿದ. ಸಂಘಮಿತ್ರ ಕೇಳಿದಾಗಲೆಲ್ಲ ತನ್ನ ಚಿಕ್ಕ ಮಾನಿಟರಿನ ಗೆರೆಯ ಎತ್ತರ ನೋಡಿ, ಇಷ್ಟಿದ್ದರೆ ಈ ಬಣ್ಣ ಇರಬೇಕು ಎಂದು ಲೆಕ್ಕ ಹಾಕಿ ಹೇಳುತ್ತಿದ್ದ. ಎರಡು ಸಲ ನಡೆಯಿತು. ಮೂರನೇ ಸಲ, ಊಟ ಆದ ಮೇಲೆ, ಅವಳು ತನ್ನ ಮಾನಿಟರಿನ ಮೇಲೆ ಬೆರಳಿಟ್ಟೇ ಕೇಳಿದಳು.

"ನಂದೀಶಣ್ಣ, ಈ ಹಣೆ ಮೇಲಿರೋದು ಸಾಕಾ?"

ಮುನಿತಾಯಮ್ಮನ ಹಣೆಯೂ ಅವಳ ಹಿಂದಿನ ಕಂಬವೂ ವೇವ್‌ಫಾರ್ಮಿನಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಯಾವ ಗೆರೆ ಯಾವುದರದು ಎಂದು ಬಿಡಿಸಿಕೊಳ್ಳಲು ಸಮಯ ಇರಲಿಲ್ಲ. "ಪಿಂಕ್ ಇದ್ಯಲ್ಲ ಮೇಡಂ, ಸಾಕು," ಎಂದುಬಿಟ್ಟ.

ಸಂಘಮಿತ್ರ ಮಾನಿಟರ್ ನೋಡಿದಳು, ಅವನ ಮುಖ ನೋಡಿದಳು. "ಇದು ಪಿಂಕಾ?"

"ಬಿಸಿಲು ಬೀಳ್ತಿದೆ ಪರದೆ ಮೇಲೆ. ಸರಿಯಾಗ್ ಕಾಣ್ತಿಲ್ಲ."

ಪರದೆಯ ಸುತ್ತ ಕಪ್ಪು ಬಟ್ಟೆ ಕಟ್ಟಿತ್ತು. ಅವಳು ಆ ಬಟ್ಟೆಯನ್ನು ಬೆರಳಿನಿಂದ ಸರಿಪಡಿಸಿ ಮುಂದಿನ ಶಾಟಿಗೆ ಹೋದಳು. ಅದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು. ನೀರು ಕುಡಿಯಲು ಹೋಗಿ ಲೋಟ ಹಿಡಿದುಕೊಂಡೇ ವಾಪಸು ಬಂದ.

ನಾಲ್ಕೂಕಾಲಿಗೆ ಅಳತೆ ಶುರು ಮಾಡಿದ. ಬೀಳುವ ಗೋಡೆಯ ಕಷ್ಟ ಏನೆಂದರೆ, ಕ್ಯಾಮೆರಾದ ಸಾಧನಗಳು ಈಗಿನ ಬೆಳಕನ್ನು ಮಾತ್ರ ತೋರಿಸುತ್ತವೆ. ಗೋಡೆ ಬಿದ್ದ ಮೇಲೆ ಬರುವ ಬೆಳಕು ಇನ್ನೂ ಬಂದಿಲ್ಲ. ಅದನ್ನು ಹೊರಗೆ ಹೋಗಿ ತರಬೇಕು. ನಂದೀಶ ಬೂದು ಬಣ್ಣದ ರಟ್ಟನ್ನು ಮುನಿತಾಯಮ್ಮನ ಗಲ್ಲದ ಹತ್ತಿರ ಹಿಡಿಸಿ ಒಳಗಿನ ಬೆಳಕು ಬರೆದುಕೊಂಡ. ಕ್ಯಾಮೆರಾ ಹೊರಗೆ ಹೊತ್ತು, ಗೋಡೆಯ ಆಚೆ ಬದಿಗೆ ಅದೇ ರಟ್ಟನ್ನು ಬಿಸಿಲಿಗೆ ಹಿಡಿದು ಬರೆದುಕೊಂಡ. ಐದು ಸ್ಟಾಪ್ ವ್ಯತ್ಯಾಸ. ಎರಡರಷ್ಟು, ಅದರ ಎರಡರಷ್ಟು ಎಂದು ಐದು ಸಲ: ಮೂವತ್ತೆರಡು ಪಟ್ಟು ಬೆಳಕು ಒಮ್ಮೆಗೇ ಒಳನುಗ್ಗುತ್ತದೆ. ಒಳಗಿನ ಮುಖಕ್ಕೆ ಸರಿಯಾಗಿ ಇಟ್ಟರೆ ಬಿಸಿಲು ಬಂದಾಗ ಮುನಿತಾಯಮ್ಮನ ಬಿಳಿ ಸೆರಗು ಪೂರ್ತಿ ಸುಟ್ಟುಹೋಗುತ್ತದೆ. ಸುಟ್ಟದ್ದು ವಾಪಸು ಬರುವುದಿಲ್ಲ. ಕತ್ತಲಲ್ಲಿ ಇರುವುದನ್ನಾದರೆ ಆಮೇಲೆ ಸ್ವಲ್ಪ ಎತ್ತಬಹುದು. ಹಾಗಾಗಿ ಕ್ಯಾಮೆರಾದ ಕಣ್ಣನ್ನು ಎರಡು ಸ್ಟಾಪ್ ಮುಚ್ಚಬೇಕು. ಮೊದಲ ಅರ್ಧದಲ್ಲಿ ಮುಖ ಕತ್ತಲಲ್ಲೇ ಇರಲಿ, ಬಿಸಿಲು ಬಂದಾಗ ತುಂಬಿಕೊಳ್ಳಲಿ. ಲೆಕ್ಕವನ್ನು ಮೂರು ಸಲ ಮಾಡಿದ. ಮೂರು ಸಲವೂ ಒಂದೇ ಬಂತು.

ಎರಡು ಸ್ಟಾಪ್ ಮುಚ್ಚಿದ ಚಿತ್ರ ನೋಡಿ ಸಂಘಮಿತ್ರ ಕುರ್ಚಿಯಿಂದ ಎದ್ದಳು.

"ಏನಿದು? ಮುನಿತಾಯಮ್ಮನ ಮುಖವೇ ಕಾಣ್ತಿಲ್ಲ!"

"ಗೋಡೆ ಬಿದ್ದ ಮೇಲೆ ಕಾಣುತ್ತೆ ಮೇಡಂ."

"ಬೀಳೋ ಮುಂಚೆ ಅರ್ಧ ನಿಮಿಷ ಇದ್ಯಲ್ಲ, ಅದನ್ನ ಯಾರ್ ನೋಡೋದು? ಪಿಂಕ್ ಬೇಡ, ಕಡೇ ಪಕ್ಷ ಹಸಿರಿಗಾದ್ರೂ ತನ್ನಿ. ಈಗ ಕೆನ್ನೆ ಮೇಲೆ ಏನಿದೆ ಹೇಳಿ ನೋಡೋಣ?"

ನಂದೀಶ ಮಾನಿಟರ್ ನೋಡಿದ. ಬೂದು. ಎಲ್ಲ ಬೂದು. ವೇವ್‌ಫಾರ್ಮಿನಲ್ಲೂ ಗೆರೆಗಳು ತಳದಲ್ಲಿ ಬೆರೆತುಹೋಗಿದ್ದವು, ಈಗ ಹೇಳುವ ಯಾವ ಉತ್ತರವೂ ಊಹೆಯೇ. ಊಹೆ ತಪ್ಪಿದರೆ ಮಧ್ಯಾಹ್ನದ್ದರ ಜೊತೆ ಸೇರಿ ಇವಳು ಅವನ ಲೆಕ್ಕವನ್ನೇ ನಂಬುವುದಿಲ್ಲ, ತಾನೇ ಸ್ಟಾಪ್ ತೆಗೆಸುತ್ತಾಳೆ, ಶಾಟು ಸುಟ್ಟುಹೋಗುತ್ತದೆ. ನಿಜ ಹೇಳಿದರೆ ಅವನ ಕೆಲಸ ಹೋಗುತ್ತದೆ. ಬಣ್ಣ ಕಾಣದ ಕ್ಯಾಮೆರಾದವನನ್ನು ಯಾರು ಕರೆಯುತ್ತಾರೆ? ಜೆಸಿಬಿಯವನು ಹೊರಗೆ ಹಾರ್ನ್ ಮಾಡುತ್ತಿದ್ದ. ಐದೂಮುಕ್ಕಾಲರೊಳಗೆ ಅವನು ಹೋಗಬೇಕಿತ್ತು. ಬಿಸಿಲೂ ಅಷ್ಟರಲ್ಲಿ ಎದುರಿನ ನೀರಿನ ಟ್ಯಾಂಕಿನ ಹಿಂದೆ ಸರಿಯುತ್ತಿತ್ತು. ಗಂಟೆ ಐದಾಗಿತ್ತು.

"ಮೇಡಂ, ಸ್ವಲ್ಪ ಈ ಕಡೆ ಬರ್ತೀರಾ?"

ನೂಲಿನ ಗೋಣಿಗಳ ಹಿಂದೆ ನಿಂತು ಹೇಳಿದ. ಹೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ. "ನಂಗೆ ಹಸಿರು, ಪಿಂಕು ಗೊತ್ತಾಗಲ್ಲ. ಹುಟ್ಟಿದಾಗಿಂದ ಹಂಗೇ. ಚಿನ್ನಸ್ವಾಮಿ ಸಾರ್‌ಗೂ ಗೊತ್ತಿಲ್ಲ."

ಸಂಘಮಿತ್ರ ಮೊದಲು ನಕ್ಕಳು. ಅವನ ಮುಖ ನೋಡಿ ನಿಲ್ಲಿಸಿದಳು. "ಇಷ್ಟು ದಿನ ಪಿಂಕ್ ಇದೆ ಪಿಂಕ್ ಇದೆ ಅಂತ ಬೊಗಳೆ ಬಿಟ್ಟಿದ್ದಾ?"

"ಇವತ್ತು ಮೂರು ಸಲ ಮಾತ್ರ. ಮೂರನೇದು ತಪ್ಪು."

"ಮುಂಚೆ ಏನಾದ್ರೂ ಕೆಟ್ಟಿದ್ಯಾ ನಿಮ್ಮಿಂದ? ನಿಜ ಹೇಳಿ."

"ಒಂದು. ನಾಲ್ಕು ವರ್ಷದ ಹಿಂದೆ, ಜಾಹೀರಾತಿಂದು. ಟ್ಯೂಬ್‌ಲೈಟಿಂದ ಚಿತ್ರವೆಲ್ಲ ಹಸಿರು ತಿರುಗಿತ್ತು. ನಂಗೆ ಕಾಣ್ಲಿಲ್ಲ. ಬೈಸ್ಕೊಂಡಿದ್ದು ಲೈಟ್ ಹುಡುಗ. ನಾನು ಬಾಯ್ ಬಿಡ್ಲಿಲ್ಲ." ಸ್ವಲ್ಪ ತಡೆದು, "ಬೆಳಕಲ್ಲಿ ಯಾವತ್ತೂ ತಪ್ಪಿಲ್ಲ," ಎಂದ.

ಅವಳು ಗೋಣಿಯ ಮೇಲೆ ಕೈಯೂರಿ ನಿಂತಳು. ಕಣ್ಣು ತುಂಬಿಕೊಂಡಿತ್ತು; ಕೋಪದ್ದೋ ಹೆದರಿಕೆಯದ್ದೋ ಅವನಿಗೆ ತಿಳಿಯಲಿಲ್ಲ. "ನಮ್ಮಪ್ಪ ಪಿಎಫ್ ದುಡ್ಡು ತೆಗೆದು ಕೊಟ್ಟಿರೋ ಸಿನಿಮಾ ಇದು, ನಂದೀಶಣ್ಣ," ಎಂದಳು. ಆಮೇಲೆ ಸರಕ್ಕನೆ ಹೊರಟು, ತನ್ನ ಮಾನಿಟರನ್ನು ಅವನಿಗೆ ಕಾಣದಂತೆ ತಿರುಗಿಸಿ, ಅದರಲ್ಲಿ ವೇವ್‌ಫಾರ್ಮ್ ಹಾಕಿಕೊಂಡಳು. ಅವನ ಚಿಕ್ಕ ಮಾನಿಟರನ್ನು ಆರಿಸಿದಳು.

"ಬರಿಗಣ್ಣಲ್ಲಿ ಹೇಳಿ. ಆ ಕಂಬ ಎಷ್ಟಿದೆ?"

ನಂದೀಶ ಅಂಗೈ ಎತ್ತಿ ಕಂಬದ ಕಡೆ ಹಿಡಿದ. "ಇಪ್ಪತ್ತೆರಡು."

ಅವಳು ಕ್ಯಾಮೆರಾವನ್ನು ಕಂಬದ ಕಡೆ ತಿರುಗಿಸಿದಳು. ಇಪ್ಪತ್ತಮೂರು.

"ಮಗ್ಗದ ಮೇಲಿರೋ ಬಟ್ಟೆ?"

"ಮೂವತ್ತೈದು. ಮಡಿಕೆ ಒಳಗೆ ಹತ್ತು, ಹನ್ನೆರಡು."

ಮೂವತ್ತೈದು. ಹನ್ನೊಂದು.

"ಆ ಕ್ಯಾಲೆಂಡರು?"

"ನಲವತ್ತು."

ಐವತ್ತೊಂದು. ಅವನು ಎರಡು ಹೆಜ್ಜೆ ಮುಂದೆ ಹೋಗಿ ನೋಡಿದ. ಕ್ಯಾಲೆಂಡರಿಗೆ ಪ್ಲಾಸ್ಟಿಕ್ ಹಾಳೆ ಹೊದೆಸಿತ್ತು. ಅವನು ನಿಂತ ಕಡೆಗೆ ಹೊಳೆಯುತ್ತಿರಲಿಲ್ಲ, ಕ್ಯಾಮೆರಾದ ಕಡೆಗೆ ಹೊಳೆಯುತ್ತಿತ್ತು. ಅದನ್ನು ಬೆರಳಿನಿಂದ ತಟ್ಟಿ ತೋರಿಸಿದ. ಸಂಘಮಿತ್ರ ಹಾಳೆ ಎತ್ತಿ ಹಿಡಿಸಿ ಮತ್ತೆ ಅಳೆದಳು. ನಲವತ್ತೊಂದು.

ಮಗ್ಗದ ಮುಂದೆ ನಿಂತು ನಿಂತು ಸಾಕಾಗಿದ್ದ ಮುನಿತಾಯಮ್ಮ ಅಲ್ಲಿಂದಲೇ ಕೂಗಿದಳು. "ಏನಮ್ಮಣ್ಣಿ, ಹರಾಜ್ ಕೂಗ್ತಾ ಇದ್ದೀರಾ? ನಂಗೆ ಎಷ್ಟ್ ಹಾಕಿದ್ದೀರಾ?"

"ನಿಮಗೆ ಹದಿನೆಂಟು ಅಜ್ಜಿ," ಎಂದ ನಂದೀಶ.

"ಅಷ್ಟೇನಾ? ಒಂದ್ ಕೇಜಿ ಟೊಮೆಟೊಗೂ ಅದ್ಕಿಂತ ಜಾಸ್ತಿ ಐತೆ ಕಣಪ್ಪಾ!"

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಸಂಘಮಿತ್ರ ನಗಲಿಲ್ಲ. ಮಾನಿಟರಿನಲ್ಲಿ ಮುನಿತಾಯಮ್ಮನ ಮುಖ ಹದಿನೆಂಟರಲ್ಲಿತ್ತು. ಅದನ್ನು ಒಂದು ಗಳಿಗೆ ನೋಡಿ ಕೇಳಿದಳು, "ಬಿಸಿಲು ಬಂದ್ರೆ ಎಷ್ಟಾಗುತ್ತೆ?"

"ಎಪ್ಪತ್ತು, ಎಪ್ಪತ್ತೈದು. ಸೆರಗಿನ ಬಿಳಿ ತೊಂಬತ್ತರ ಮೇಲೆ. ಆದ್ರೆ ನೂರು ದಾಟಲ್ಲ."

"ನಾನ್ ಹೇಳ್ದಂಗೇ ಹಸಿರಿಗೆ ತಂದಿದ್ರೆ?"

"ಮುಖದಲ್ಲಿ ಎಣ್ಣೆಪಸೆ ಇರೋ ಕಡೆ, ಸೆರಗು, ಎರಡೂ ಸುಟ್ಟೋಗ್ತಿದ್ವು."

ಐದೂಹತ್ತು. ಅವಳು ಉಗುರು ಕಚ್ಚಿದಳು, ಗೋಡೆ ನೋಡಿದಳು, ಗಡಿಯಾರ ನೋಡಿದಳು. "ನಿಮ್ ಲೆಕ್ಕದಲ್ಲೇ ಹೋಗಿ," ಎಂದಳು. "ಬಣ್ಣ ನಾನ್ ಕೂಗ್ತೀನಿ. ಟೇಕ್ ನಡೀವಾಗ್ ಮಾತ್ರ ನಂಗೆ ಸುಳ್ಳು ಹೇಳ್ಬೇಡಿ." ಅವನ ಚಿಕ್ಕ ಮಾನಿಟರನ್ನು ಮತ್ತೆ ಹೊತ್ತಿಸಿ, ತನ್ನದರಲ್ಲಿ ಫಾಲ್ಸ್ ಕಲರ್ ಹಾಕಿಕೊಂಡಳು.

ಐದೂಹದಿನೆಂಟಕ್ಕೆ ಕ್ಯಾಮೆರಾ ಓಡಿತು. ಮಗ್ಗ ಧಡ್ ಧಡ್ ಎಂದು ಶುರುವಾಯಿತು. ಅರೆಗತ್ತಲಲ್ಲಿ ಮುನಿತಾಯಮ್ಮ ಲಾಳಿಯ ಓಟವನ್ನೇ ನೋಡುತ್ತಿದ್ದಳು. ಹೊರಗೆ ಜೆಸಿಬಿ ಗುರ್ರೆಂದಿತು, ಉಕ್ಕಿನ ಹಗ್ಗ ಬಿಗಿಯಿತು, ಗೋಡೆಯ ತಲೆಯಲ್ಲಿ ಒಂದು ಬೆಳಕಿನ ಗೆರೆ ಬಿತ್ತು. ಆಮೇಲೆ ಇಡೀ ಗೋಡೆ ಒಂದೇ ಹಲಗೆಯ ಹಾಗೆ ಹೊರಕ್ಕೆ ವಾಲಿ ಬಿತ್ತು.

ಬಿಸಿಲು ಬರಲಿಲ್ಲ.

ಗೋಡೆ ಬಿದ್ದ ಜಾಗದಲ್ಲಿ ದೂಳು ಎದ್ದು ನಿಂತಿತ್ತು. ಸುಣ್ಣ, ಇಟ್ಟಿಗೆ ಪುಡಿ, ಮೂವತ್ತು ವರ್ಷದ ನೂಲಿನ ಜೂಲು, ಎಲ್ಲ ಸೇರಿ ಇನ್ನೊಂದು ಗೋಡೆಯಂತೆ ಬಾಗಿಲಷ್ಟು ಎತ್ತರಕ್ಕೂ ಮೇಲೆ ತುಂಬಿಕೊಂಡಿತು. ನಂದೀಶ ಒಳಗಿನ ಬೆಳಕು ಅಳೆದಿದ್ದ, ಹೊರಗಿನದನ್ನು ಅಳೆದಿದ್ದ, ನಡುವಿನ ದೂಳನ್ನು ಅಳೆದಿರಲಿಲ್ಲ. ವೇವ್‌ಫಾರ್ಮಿನ ಗೆರೆ ಮೂವತ್ತರ ಹತ್ತಿರ ಸತ್ತಂತೆ ಮಲಗಿತ್ತು.

"ಕತ್ಲೆ ಇದೆ," ಎಂದು ಸಂಘಮಿತ್ರ ಕಿವಿಯ ಹತ್ತಿರ ಪಿಸುಗುಟ್ಟಿದಳು. "ಬಣ್ಣವೇ ಇಲ್ಲ ನಂದೀಶಣ್ಣ, ಎಲ್ಲ ಬೂದು. ತೆಗೀರಿ, ಒಂದ್ ಸ್ಟಾಪ್ ತೆಗೀರಿ!"

ಅವನ ಬೆರಳು ಬೆಳಕು ಹೆಚ್ಚುಕಡಿಮೆ ಮಾಡುವ ಲೆನ್ಸಿನ ಬಳೆಯ ಮೇಲಿತ್ತು. ತಿರುಗಿಸಿದರೆ ಈ ಕ್ಷಣ ಸರಿಯಾಗುತ್ತದೆ; ದೂಳು ಸರಿದ ಕ್ಷಣ ಎಲ್ಲ ಸುಡುತ್ತದೆ. ದೂಳು ಸರಿಯದಿದ್ದರೆ? ಬಿಸಿಲು ಟ್ಯಾಂಕಿನ ಹಿಂದೆ ಹೋಗಲು ಇನ್ನೂ ಇಪ್ಪತ್ತೈದು ನಿಮಿಷ ಇತ್ತು. ದೂಳು ಅಷ್ಟು ಹೊತ್ತು ನಿಲ್ಲುವುದಿಲ್ಲ ಎಂದು ತನಗೇ ಹೇಳಿಕೊಂಡ. ಮುನಿತಾಯಮ್ಮ ಕೆಮ್ಮುತ್ತ, ಎಡಗೈಯಲ್ಲಿ ಸೆರಗನ್ನು ಮೂಗಿಗೆ ಒತ್ತಿಕೊಂಡು, ಬಲಗೈಯಲ್ಲಿ ಮಗ್ಗದ ಹಿಡಿಯನ್ನು ಬಿಡದೆ ನಿಂತಿದ್ದಳು. ಅವಳು ನಿಂತಿದ್ದಾಳಲ್ಲ ಎಂದುಕೊಂಡ. ಬಳೆಯಿಂದ ಬೆರಳು ತೆಗೆದು ಅಂಗಿಯ ತುದಿಯನ್ನು ಹಿಡಿದುಕೊಂಡ.

"ಇಲ್ಲ ಮೇಡಂ. ಬರುತ್ತೆ."

ಏಳು ಸೆಕೆಂಡು, ಹತ್ತು. ದೂಳಿನ ತಲೆಯಲ್ಲಿ ಹೊಳಪು ಕಾಣಿಸಿತು. ಹಗುರವಾದ ಪುಡಿ ಮೇಲೆ ತೇಲಿ, ಭಾರದ್ದು ಕೆಳಕ್ಕೆ ಕೂತು, ನಡುವೆ ಒಂದು ಸಂದು ಬಿಟ್ಟುಕೊಂಡಿತು. ಬಿಸಿಲು ಮೊದಲು ಅವಳ ತಲೆಗೂದಲಿಗೆ ಬಂತು, ಹಣೆಗೆ ಇಳಿಯಿತು, ಕೆನ್ನೆಗೆ ಬಂತು. ಮುನಿತಾಯಮ್ಮ ಮೂಗಿನಿಂದ ಸೆರಗು ಇಳಿಸಿ, ಕಣ್ಣು ಕಿರಿದು ಮಾಡಿ, ಗೋಡೆ ಇದ್ದ ಕಡೆ ಒಮ್ಮೆ ನೋಡಿ, ಮತ್ತೆ ಲಾಳಿಯ ಕಡೆ ತಿರುಗಿದಳು. ವೇವ್‌ಫಾರ್ಮಿನ ಗೆರೆ ಎದ್ದಿತು. ಐವತ್ತು, ಅರವತ್ತು, ಎಪ್ಪತ್ತೊಂದು. ಅಲ್ಲಿ ನಿಂತಿತು.

"ಕಟ್," ಎಂದಳು ಸಂಘಮಿತ್ರ.

ಮಗ್ಗ ನಿಂತಿತು. "ಮುಗೀತೇನಮ್ಮಾ?" ಎಂದಳು ಮುನಿತಾಯಮ್ಮ. "ಬಾಯೆಲ್ಲಾ ಇಟ್ಟಿಗೆ ಆಗದೆ, ಒಸಿ ನೀರ್ ಕೊಡ್ರೋ."

ನಂದೀಶ ಹಿಡಿದದ್ದನ್ನು ಹಿಂದಕ್ಕೆ ತಿರುಗಿಸಿ ಸಂಘಮಿತ್ರಳ ಮಾನಿಟರಿಗೆ ಕಳಿಸಿದ. ತಾನು ಪರದೆಯ ಕಡೆ ನೋಡಲಿಲ್ಲ. ನೆಲ ನೋಡುತ್ತ ಕೇಳಿದ. "ಕೆಂಪು ಎಲ್ಲೆಲ್ಲಿದೆ ಹೇಳಿ ಮೇಡಂ."

"ಆಕಾಶದಲ್ಲಿ, ಒಂದ್ ಅಂಗೈ ಅಗಲ."

"ಸೆರಗಲ್ಲಿ?"

"ಇಲ್ಲ. ಒಂದ್ ಕಡೆ ಹಳದಿ ಇದೆ, ಕೆಂಪಿಲ್ಲ."

"ಮುಖದಲ್ಲಿ?"

ಅವಳು ಫಾಲ್ಸ್ ಕಲರ್ ಆರಿಸಿ, ಬರೀ ಚಿತ್ರವನ್ನು ಮತ್ತೊಮ್ಮೆ ಮೊದಲಿನಿಂದ ನೋಡಿದಳು. ದೂಳಿನ ಹತ್ತು ಸೆಕೆಂಡು ಬಂದಾಗ ಪರದೆಯ ಹತ್ತಿರಕ್ಕೆ ಬಗ್ಗಿದಳು. "ಅದು ನಾನ್ ಬರ್ದಿರಲಿಲ್ಲ," ಎಂದಳು ಕೊನೆಗೆ. "ಆ ದೂಳು. ಅದಿಲ್ದೆ ಬಿಸಿಲು ನೇರ ಬಂದಿದ್ರೆ ಇಷ್ಟ್ ಚೆನ್ನಾಗಿರ್ತಿರ್ಲಿಲ್ಲ." ಕಣ್ಣೊರೆಸಿಕೊಂಡು ಫೋನ್ ತೆಗೆದು ಅವನ ಮುಂದೆ ಹಿಡಿದಳು. "ಚಿನ್ನಸ್ವಾಮಿ ಸಾರ್‌ಗೆ ನೀವೇ ಹೇಳಿ. ಗೋಡೆ ವಿಷಯಾನೂ, ಆ ವಿಷಯಾನೂ."

ಚಿನ್ನಸ್ವಾಮಿ ಗೋಡೆಯ ವಿಷಯ ಕೇಳಿ "ಶಭಾಷ್" ಎಂದರು. ನಂದೀಶ ಎರಡನೆಯದನ್ನೂ, ಟ್ಯೂಬ್‌ಲೈಟಿನದನ್ನೂ ಹೇಳಿದ. ಆಸ್ಪತ್ರೆಯಲ್ಲಿ ಯಾರೋ ಸ್ಟೀಲ್ ತಟ್ಟೆ ಇಡುವ ಸದ್ದು ಕೇಳುತ್ತಿತ್ತು.

"ಆರು ವರ್ಷ ನನ್ ಪಕ್ಕ ನಿಂತಿದ್ದೀಯಲ್ಲೋ ದರಿದ್ರದೋನೇ," ಎಂದರು. ಮಾತಿನಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. "ಆ ಟ್ಯೂಬ್‌ಲೈಟ್ ಕೇಸಲ್ಲಿ ಅಂಜನ್‌ನ ಮೂರು ತಿಂಗ್ಳು ಕೆಲಸಕ್ಕೆ ಕರೀಲಿಲ್ಲ ನಾನು. ಗೊತ್ತಾ?"

"ಗೊತ್ತು ಸಾರ್."

"ಮೊದ್ಲು ಅವ್ನ ಹತ್ರ ಹೋಗಿ ಹೇಳು. ಆಮೇಲೆ ನನ್ ಹತ್ರ ಬಾ." ಉಸಿರೆಳೆದುಕೊಂಡರು; ಕಲ್ಲು ನೋಯುತ್ತಿತ್ತೋ ಏನೋ. "ಲೈಟಿನ ಬಣ್ಣದ ಫಿಲ್ಟರ್ ನೀನ್ ಮುಟ್ಬೇಡ ಇನ್ಮೇಲೆ. ಅಳತೆ ನಿಂದೇ."

ಅಂಜನ್ ಈ ಸಿನಿಮಾದಲ್ಲೂ ಲೈಟಿನವನೇ. ಶೆಡ್ಡಿನ ಹಿಂದೆ ಕೇಬಲ್ ಸುತ್ತುತ್ತಿದ್ದ. ನಂದೀಶ ಹೇಳುವುದನ್ನೆಲ್ಲ ಕೇಬಲ್ ಸುತ್ತುತ್ತಲೇ ಕೇಳಿದ. ಮೂರು ತಿಂಗಳ ಮಾತು ಬಂದಾಗ ಕೈ ನಿಲ್ಲಿಸಿದ. "ಆಗ ನಮ್ಮನೇಲಿ ಮಗು ಹುಟ್ಟಿತ್ತು ಗುರು," ಎಂದಷ್ಟೇ ಹೇಳಿದ. ಉಳಿದ ಕೇಬಲ್ ಸುತ್ತಿ, ಹೆಗಲಿಗೇರಿಸಿ, ಹೋಗಿಬಿಟ್ಟ.

ಮರುದಿನ ಬೆಳಿಗ್ಗೆ ಆರೂವರೆಗೆ ಅವನು ಬರುವ ಹೊತ್ತಿಗೆ ವಿಷಯ ಎಲ್ಲರಿಗೂ ಗೊತ್ತಾಗಿತ್ತು. ಎಲ್ಲರೂ ಬದಿಗೆ ಸರಿದು ಅವನಿಗೆ ದಾರಿ ಬಿಟ್ಟರು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಸಂಘಮಿತ್ರ ಕುರ್ಚಿಯನ್ನು ಅವನ ಪಕ್ಕ ಎಳೆದುಕೊಂಡು, ಮಾನಿಟರಿನಲ್ಲಿದ್ದ ಮುನಿತಾಯಮ್ಮನ ಮುಖ ನೋಡಿ, "ಹಣೆ ಹಸಿರು, ಕೆನ್ನೆ ಬಣ್ಣ ಇಲ್ಲ," ಎಂದು ಗಟ್ಟಿಯಾಗಿ ಓದಿದಳು. ಅವನು ಗೆರೆ ನೋಡಿ ಬಳೆಯನ್ನು ಕೂದಲೆಳೆಯಷ್ಟು ತಿರುಗಿಸಿದ. ಅಷ್ಟರಲ್ಲಿ ಅಂಜನ್ ಲೈಟಿನ ಸ್ಟ್ಯಾಂಡು ಹೊತ್ತುಕೊಂಡು ಬಂದು ಚೌಕಟ್ಟಿನ ಅಂಚಿನಲ್ಲೇ ನಿಂತ. ಮುಖ ಇನ್ನೂ ಬಿಗಿದೇ ಇತ್ತು.

"ಲೇ ನಂದೀಶ, ನನ್ ಅಂಗಿ ಯಾವ್ ಬಣ್ಣ ಹೇಳು ನೋಡಾನ?"

ಎಲ್ಲರೂ ಕೆಲಸ ನಿಲ್ಲಿಸಿದರು. ನಂದೀಶ ಅಂಗೈ ಎತ್ತಿ ಅವನ ಕಡೆ ಹಿಡಿದ.

"ಬಣ್ಣ ಗೊತ್ತಿಲ್ಲ ಕಣೋ. ಅರವತ್ತರ ಮೇಲೈತೆ. ಅಜ್ಜಿ ಮುಖ ತಿಂದಾಕ್ತಾ ಐತೆ, ಆಚೆ ಹೋಗು."

ಅಂಜನ್ ಸ್ಟ್ಯಾಂಡು ಕೆಳಗಿಟ್ಟು ಮಾನಿಟರಿನ ಹತ್ತಿರ ಬಗ್ಗಿ ನೋಡಿದ. ಅರವತ್ತೆರಡಿತ್ತು. "ಥೂ ನಿನ್," ಎನ್ನುತ್ತ ಎರಡು ಹೆಜ್ಜೆ ಪಕ್ಕಕ್ಕೆ ಸರಿದ.